ತಿಪ್ಪಣ್ಣ ಮಿಸ್ತ್ರಿ ಹಾಕಿದ ಲಾಕು

ಮಾನ್ವಿಯಲ್ಲಿ ಬಸ್ಸಿಳಿದರೆ ನಮ್ಮ ಅಕ್ಕನ ಮನೆ ಹತ್ತು ನಿಮಿಷದ ದಾರಿ. ನಾನು ಮಾತ್ರ ಅರ್ಧ ಗಂಟೆ ನಡೆಯುತ್ತೇನೆ. ಸಂತೆ ಬಯಲಿನ ಹಿಂದಿನಿಂದ ಸುತ್ತು ಹಾಕಿ, ಹಂದಿ ಮಲಗುವ ಎರಡು ಗಲ್ಲಿ ದಾಟಿ, ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರೆ ಅಕ್ಕ, "ಯಾಕ ಲೇ ತಮ್ಮಾ, ನೆಟ್ಟಗಿರೋ ದಾರಿ ನಿನಗ ಕಾಣಂಗಿಲ್ಲೇನು?" ಎಂದು ಕೇಳುತ್ತಾಳೆ. ಸಕ್ಕರೆ ಕಾಯಿಲೆಗೆ ನಡೆದರೆ ಒಳ್ಳೆಯದಂತೆ ಎಂದು ಏನೋ ಒಂದು ಹೇಳುತ್ತೇನೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ನೆಟ್ಟಗಿನ ದಾರಿಯಲ್ಲಿ ತಿಪ್ಪಣ್ಣ ಮಿಸ್ತ್ರಿಯ ಟ್ರಾಕ್ಟರ್ ರಿಪೇರಿ ಶೆಡ್ಡು ಇದೆ. ಅದರ ಮುಂದೆ ಹಾಯುವ ಮುಖ ನನಗಿಲ್ಲ, ಅಷ್ಟೇ.

ಹೋದ ತಿಂಗಳು ಕೈಯಲ್ಲಿ ಎರಡು ಭಾರದ ಚೀಲ ಇದ್ದವು. ಆಟೋ ಹತ್ತಿದೆ. ಆಟೋದವನಿಗೆ ನನ್ನ ಸುತ್ತಿನ ದಾರಿ ಏನು ಗೊತ್ತು, ನೆಟ್ಟಗೆ ಹೊಡೆದ. ಶೆಡ್ಡಿನ ಮುಂದೆ ಒಂದು ಟ್ರಾಕ್ಟರು ರಸ್ತೆಗೆ ಅಡ್ಡ ನಿಂತು ಹಿಂದೆ ಮುಂದೆ ಮಾಡುತ್ತಿತ್ತು. ನಮ್ಮ ಆಟೋ ನಿಂತಿತು. ಬಿಸಿಲಿಗೆ ಕಾದ ಗೇರ್ ಆಯಿಲ್ಲಿನ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಆ ವಾಸನೆಯ ಜೊತೆ ಒಂದು ಹಳೆಯ ವರ್ಷ, ಅದರ ಜೂನಿನಿಂದ ಡಿಸೆಂಬರಿನವರೆಗೆ, ಇದ್ದದ್ದು ಇದ್ದ ಹಾಗೆ ಎದ್ದು ಬಂತು.

ಆ ವರ್ಷ ನಾನು ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ರಾಯಚೂರಿನ ಸ್ಟೇಷನ್ ಏರಿಯಾದಲ್ಲಿ ಹುಟ್ಟಿ ಬೆಳೆದವನು. ದೇವದುರ್ಗದ ಪೋಸ್ಟಿಂಗ್ ಎಂದರೆ ನನಗೆ ಶಿಕ್ಷೆ ಆದಂತಿತ್ತು. ಎಂ.ಎಸ್ಸಿ., ಬಿ.ಎಡ್. ಎಂದು ಬಾಡಿಗೆ ಕೋಣೆಯ ಬಾಗಿಲಿಗೂ ಬೋರ್ಡು ಹಚ್ಚಿದ ಆಸಾಮಿ ನಾನು. ಸಹಶಿಕ್ಷಕರ ಜೊತೆ ಕೂತು ಚಹಾ ಕುಡಿದರೂ ಇವರಿಗಿಂತ ನಾನು ಒಂದು ಕೈ ಮೇಲು ಎಂಬ ಧಿಮಾಕು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಈಗ ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ, ಬರೆಯದೆ ಬಿಟ್ಟರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ಜೂನಿನಲ್ಲಿ ಶಾಲೆಗೆ ನಾಲ್ಕು ದೊಡ್ಡ ಡಬ್ಬಿ ಬಂದವು. ಯಾವುದೋ ಸಂಸ್ಥೆಯವರು ಕೊಟ್ಟದ್ದು. ಒಳಗೆ ಪ್ಲಾಸ್ಟಿಕ್ಕಿನ ಬಣ್ಣ ಬಣ್ಣದ ಇಟ್ಟಿಗೆ, ತೂತು ಬಿದ್ದ ಪಟ್ಟಿ, ಬೆರಳುಗುರಿನಷ್ಟು ಪಿನ್ನು, ಹಲ್ಲಿನ ಚಕ್ರ, ಕಡ್ಡಿ, ಗಾಲಿ, ಬ್ಯಾಟರಿಯ ಮೇಲೆ ಓಡುವ ಸಣ್ಣ ಮೋಟಾರು. ಜೋಡಿಸಿದರೆ ನಿಜವಾಗಿ ಓಡುವ ಗಾಡಿ ಆಗುತ್ತದೆ. ಬೊಂಬೆ ಗಾಡಿಯಲ್ಲ, ಒಳಗೆ ಗೇರು, ಸ್ಟೇರಿಂಗು ಎಲ್ಲ ಇರುವ ಗಾಡಿ. ಮಕ್ಕಳು ನೋಡಿದ ಗಳಿಗೆಯಲ್ಲೇ ಅದಕ್ಕೆ ಇಟ್ಟಂಗಿ ಗಾಡಿ ಎಂದು ಹೆಸರಿಟ್ಟರು. ಹೆಡ್‌ಮಾಸ್ತರರು ಡಬ್ಬಿಗಳನ್ನು ನನ್ನ ಮುಂದೆ ಸರಿಸಿ, "ಡಿಸೆಂಬರ್‌ನಾಗ ರಾಯಚೂರಾಗ ಜಿಲ್ಲಾದು ಎಕ್ಸಿಬಿಷನ್ ಅದ. ಟ್ರಾಕ್ಟರ್ ಮಾಡ್ಸಿ ಒಯ್ಯೋಣ. ನಿಮ್ಮ ಕೈಲೆ ಆಗ್ತದೇನು?" ಎಂದರು.

"ಎಂಟು ದಿನದಾಗ ಓಡಸ್ತೀನಿ ಬಿಡ್ರಿ ಸರ" ಎಂದೆ.

ಎಂಟು ದಿನ ಹೋಗಿ ಇಪ್ಪತ್ತಾದವು. ಡಬ್ಬಿಯ ಜೊತೆ ಬಂದ ಜೋಡಣೆಯ ಪುಸ್ತಕದಲ್ಲಿ ಒಂದಕ್ಷರ ಇಲ್ಲ, ಎಲ್ಲ ಚಿತ್ರ. ಈ ಚಿತ್ರದಲ್ಲಿ ಇಷ್ಟು ತುಂಡು, ಮುಂದಿನ ಚಿತ್ರದಲ್ಲಿ ಅಷ್ಟು ತುಂಡು, ನಡುವೆ ಏನಾಯಿತು ಎಂದು ನೀನೇ ನೋಡಿಕೋ ಎನ್ನುವ ಧಾಟಿ. ಓದುವುದಕ್ಕೆ ಏನಾದರೂ ಇದ್ದಿದ್ದರೆ ನಾನು ಬಾಯಿಪಾಠ ಮಾಡಿಯಾದರೂ ಒಪ್ಪಿಸುತ್ತಿದ್ದೆ. ಚಿತ್ರ ನೋಡಿ ತುಂಡನ್ನು ತಿರುಗಿಸಿ ಹಿಡಿಯುವ ಕಣ್ಣು ನನಗಿರಲಿಲ್ಲ. ಕಡೆಗೂ ಒಂದು ಟ್ರಾಕ್ಟರು ಎದ್ದು ನಿಂತಿತು. ಸ್ವಿಚ್ ಮುಂದಕ್ಕೆ ಒತ್ತಿದರೆ ಅದು ಹಿಂದಕ್ಕೆ ಹೋಯಿತು. ಬಿಚ್ಚಿ ಮತ್ತೆ ಜೋಡಿಸಿದೆ, ಮತ್ತೆ ಹಿಂದಕ್ಕೇ ಹೋಯಿತು.

ಒಂಬತ್ತನೆಯ ತರಗತಿಯ ಮಕ್ಕಳು ದಿನಾ ಕೇಳುತ್ತಿದ್ದರು: "ಸರ್, ಇಟ್ಟಂಗಿ ಗಾಡಿ ಯಾವಾಗ್ರಿ?" ಒಂದು ಪಾರ್ಟು ಕಡಿಮೆ ಬಂದಿದೆ, ಬರೆದಿದ್ದೇನೆ ಎಂದೆ. ಆ ವರ್ಷದ ಮೊದಲ ಸುಳ್ಳು ಅದು. ಸಲೀಸಾಗಿ ಬಂತು.

ಜುಲೈ ಕೊನೆಗೆ ಮಾನ್ವಿಗೆ ಹೋದೆ. ದೇವದುರ್ಗದಲ್ಲಿ ಮೋಡ ಕವಿದು ಕವಿದು ಚದುರಿ ಹೋಗುತ್ತಿದ್ದರೆ ಮಾನ್ವಿಯಲ್ಲಿ ಕಾಲುವೆಗೆ ನೀರು ಬಿಟ್ಟು ಎಲ್ಲ ಕಡೆ ನಾಟಿಯ ಗದ್ದಲ. ಮಾವ, ಅಂದರೆ ಅಕ್ಕನ ಗಂಡ, ತನ್ನ ಟ್ರಾಕ್ಟರಿಗೆ ಕೆಸರು ಹೊಡೆಯುವ ಕಬ್ಬಿಣದ ಗಾಲಿ ಹಾಕಿಸಲು ತಿಪ್ಪಣ್ಣ ಮಿಸ್ತ್ರಿಯ ಶೆಡ್ಡಿಗೆ ಹೊರಟಿದ್ದ. ಟ್ರಾಕ್ಟರಿದ್ದ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ನಾನೂ ಹೋದೆ. ದೇವದುರ್ಗದಲ್ಲೂ ಮಿಸ್ತ್ರಿಗಳಿದ್ದರು. ಅಲ್ಲಿ ಕೇಳಿದರೆ ಸಂಜೆಯೊಳಗೆ ಸ್ಟಾಫ್‌ರೂಮಿಗೆ ಸುದ್ದಿ ಮುಟ್ಟುತ್ತದೆ. ಇಲ್ಲಿ ನನ್ನನ್ನು ಬಲ್ಲವರು ಯಾರು?

ತಿಪ್ಪಣ್ಣ ಮಿಸ್ತ್ರಿಗೆ ಆಗ ಐವತ್ತರ ಮೇಲೆ. ಕಪ್ಪು, ಕುಳ್ಳು, ಗಟ್ಟಿ ಆಳು. ಒಂದು ಕಾಲದಲ್ಲಿ ದೇವದುರ್ಗದ ಕಡೆಯಿಂದಲೇ ದುಡಿಯಲು ಬಂದ ಮನೆತನ. ಚಹಾ ತರಿಸಿ ನನ್ನನ್ನು ಟೈರಿನ ಮೇಲೆ ಕೂರಿಸಿದರು. ನಾನು ನನ್ನ ಟ್ರಾಕ್ಟರು ತೆಗೆದು ನೆಲಕ್ಕಿಟ್ಟು ಸ್ವಿಚ್ ಒತ್ತಿದೆ. ಅದು ಹಿಂದಕ್ಕೆ ಹೋಗಿ ಅವರ ಪಾದಕ್ಕೆ ಬಡಿಯಿತು. ಮಿಸ್ತ್ರಿ ನಗಲಿಲ್ಲ. ಕೈ ಒರೆಸಿಕೊಂಡು ಎತ್ತಿ, ಹೊಟ್ಟೆಯ ಕೆಳಗೆ ನೋಡಿದರು.

"ಸರ, ಕ್ರೌನ್ ಆಚಿ ಮಗ್ಗಲಿಗೆ ಬಿದ್ದದ. ಈಚಿಗಿ ತರ್ರಿ."

"ಕ್ರೌನ್ ಅಂದ್ರ ಯಾವುದು?"

"ಈ ದೊಡ್ಡ ಹಲ್ಲಿಂದು. ನಾನೂ ಕಲಿಯಾಕ ಹತ್ತಿದಾಗ ಹಿಂಗ ಮಾಡಿದ್ದೆರಿ. ಗೌಡ್ರ ಟ್ರಾಕ್ಟರ್‌ಗೆ ಆಚಿ ಮಗ್ಗಲಿಗೆ ಹಾಕಿ ಕಟ್ಟಿಬಿಟ್ಟೆ. ಮುಂದಿನ ಗೇರ್ ಹಾಕಿದ್ರ ಹಿಂದಕ ಹೊಂಟಿತು, ಗೌಡ್ರು ಬಣವಿಯೊಳಗ ಹೊಕ್ಕರು. ಉಸ್ತಾದ್ ನನಗ ನಟ್ಟು ಬಿಚ್ಚೂ ಪಾನಾ ತಗೊಂಡು ಹೊಡದ."

ಆಮೇಲೆ ಅವರ ಕಣ್ಣು ಪುಸ್ತಕದ ಮೇಲೆ ಬಿತ್ತು. ಕೈಗೆ ತೆಗೆದುಕೊಳ್ಳಲಿಲ್ಲ. "ಇದರಾಗ ಏನು ಬರದದ್ರಿ?" ಎಂದರು.

"ಬರದಿದ್ದು ಏನೂ ಇಲ್ಲ. ಬರೇ ಚಿತ್ರ."

"ಅಕ್ಷರ ಇಲ್ಲ?"

"ಒಂದೂ ಇಲ್ಲ."

"ಹಂಗಿದ್ರ ನನಗ ಬರ್ತದ ಕೊಡ್ರಿ" ಎಂದು ಕೈ ಚಾಚಿದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನ ಎಂ.ಎಸ್ಸಿ.ಗೆ ಇಪ್ಪತ್ತು ದಿನ ಬಾಯಿ ಬಿಡದ ಪುಸ್ತಕ ಅವರ ಮುಂದೆ ಗಳಗಳ ಮಾತಾಡಿತು. ಹಾಳೆ ತಿರುವುತ್ತ, ಬಿಚ್ಚುತ್ತ, ಕೂಡಿಸುತ್ತ, ಮಾವನ ಗಾಲಿ ಹಾಕುವ ಕೆಲಸ ಶೆಡ್ಡಿನಲ್ಲೇ ದುಡಿಯುವ ತಮ್ಮ ಅಳಿಯನಿಗೆ ಬಿಟ್ಟು, ಎರಡು ತಾಸಿನಲ್ಲಿ ನನ್ನ ಟ್ರಾಕ್ಟರನ್ನು ಮುಂದಕ್ಕೆ ಓಡಿಸಿದರು. ಶೆಡ್ಡಿನಲ್ಲಿದ್ದವರೆಲ್ಲ ಬಂದು ಸುತ್ತ ಕುಕ್ಕರಗಾಲಲ್ಲಿ ಕೂತರು. ಮಾವ, "ನಮ್ಮ ಮಾಸ್ತರ್‌ಗೆ ಬರಲಿಲ್ಲ, ಮಿಸ್ತ್ರಿಗೆ ಬಂತು" ಎಂದು ನಕ್ಕ. ನಾನೂ ನಕ್ಕೆ. ಒಳಗೆ ಚುರ್ ಎಂದಿತ್ತು.

ಅಲ್ಲಿಂದ ಪ್ರತಿ ಭಾನುವಾರ ಸಿರವಾರದ ಮೇಲೆ ಮಾನ್ವಿಯ ಬಸ್ಸು ಹಿಡಿಯುವುದೇ ಕೆಲಸವಾಯಿತು. ಮಿಸ್ತ್ರಿ ನನಗೆ ಕಲಿಸಿದರು, ಅದರಲ್ಲಿ ಎರಡು ಮಾತಿಲ್ಲ. ಗಾಡಿ ತಿರುವಿನಲ್ಲಿ ಹೋಗುವಾಗ ಒಳಗಿನ ಗಾಲಿ ಕಡಿಮೆ ದಾರಿ ನಡೆಯುತ್ತದೆ, ಹೊರಗಿನದು ಹೆಚ್ಚು ನಡೆಯುತ್ತದೆ. ಎರಡನ್ನೂ ಒಂದೇ ಕಡ್ಡಿಗೆ ಬಿಗಿದರೆ ಒಂದು ಎಳೆದಾಡುತ್ತದೆ, ಒಂದು ತಿಕ್ಕಾಡುತ್ತದೆ. ಅದಕ್ಕೇ ನಡುವೆ ಹಲ್ಲಿನ ನಾಲ್ಕು ಚಕ್ರ ಕೂರಿಸಿ, ಯಾರ ಪಾಲಿನದು ಅವರು ನಡೆಯಲಿ ಎಂದು ಬಿಡುವುದು. ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಸಂಗತಿ ಇದು. ಕೈಗೆ ತಿಳಿದದ್ದು ಆ ಟೈರಿನ ಮೇಲೆ ಕೂತಾಗ. ಅವರು ಜೋಡಿಸುವುದು, ನಾನು ನೋಡುವುದು, ಆಮೇಲೆ ಪೂರ್ತಿ ಬಿಚ್ಚಿ ನಾನು ಜೋಡಿಸುವುದು. ಮೂರು ಸಲ ತಪ್ಪಿಲ್ಲದೆ ಬರುವವರೆಗೆ ಅವರು ಏಳಗೊಡುತ್ತಿರಲಿಲ್ಲ. "ಇನ್ನೊಮ್ಮೆ ರೀ ಸರ" ಎನ್ನುತ್ತಿದ್ದರು. ನನ್ನ ಯಾವ ಮೇಷ್ಟ್ರೂ ನನಗೆ ಅಷ್ಟು ತಾಳ್ಮೆಯಿಂದ ಕಲಿಸಿರಲಿಲ್ಲ.

ಸೋಮವಾರ ದೇವದುರ್ಗದಲ್ಲಿ ಮಕ್ಕಳ ಮುಂದೆ ಕೂತು, ಅಲ್ಲೇ ಆಗಲೇ ಹೊಳೆದವನ ಹಾಗೆ ಹಣೆ ಉಜ್ಜಿಕೊಂಡು, "ಹಾಂ, ಇದು ಹೀಗೆ ಇರಬೇಕು ನೋಡ್ರಿ" ಎಂದು ತುಂಡು ಕೂರಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಹೆಡ್‌ಮಾಸ್ತರರು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಒಬ್ಬರೇ ಕುಂತು ಮಾಡ್ಯಾರ ನೋಡ್ರಿ. ಭಾಳ ತಲಿ ಅದ" ಎಂದರು. ಬಾಯಿ ಬಿಟ್ಟು ಹೇಳಲು ಅದೇ ಹೊತ್ತು. ನಾನು ಬಿಸ್ಕತ್ತು ಚಹಾದಲ್ಲಿ ಅದ್ದಿದೆ, ಅದು ಮುರಿದು ಲೋಟದೊಳಗೆ ಬಿತ್ತು, ಎಲ್ಲರೂ ನಕ್ಕರು, ಮಾತು ಬೇರೆ ಕಡೆ ಹೋಯಿತು.

ದಸರೆ ಕಳೆದ ಮೇಲೆ ಮಿಸ್ತ್ರಿಯ ಸೊಂಟ ಹೋಯಿತು. ಒಬ್ಬರೇ ಗೇರ್‌ಬಾಕ್ಸ್ ಎತ್ತಲು ಹೋಗಿ ಅಲ್ಲೇ ಕುಸಿದರಂತೆ. ರಾಯಚೂರಿನ ಡಾಕ್ಟರು ಇನ್ನು ಮೇಲೆ ಭಾರ ಎತ್ತುವ ಹಾಗಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟರು. ಭಾರ ಎತ್ತದ ಟ್ರಾಕ್ಟರ್ ಮಿಸ್ತ್ರಿ ಎಲ್ಲಿದ್ದಾನೆ? ನಾನು ಹೋದಾಗ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಗೋಡೆಗೆ ಒರಗಿ ಕೂತಿದ್ದರು. ಅಳಿಯ ಕೆಲಸ ಮಾಡುತ್ತಿದ್ದ, ಇವರು ಕೂತಲ್ಲಿಂದ ಹೇಳುತ್ತಿದ್ದರು. ನನ್ನ ಡಬ್ಬಿ ನೋಡಿದ ಕೂಡಲೇ ಮುಖ ಅರಳಿತು. "ತರ್ರಿ ಸರ. ಇದೊಂದು ನೋಡ್ರಿ ನಾ ಎತ್ತೂ ಗಾಡಿ" ಎಂದರು.

ಅದೇ ವಾರ ಡಬ್ಬಿ ಕೊಟ್ಟ ಸಂಸ್ಥೆಯ ಮೇಡಂ ಫೋನು ಮಾಡಿದ್ದರು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ಇದನ್ನು ಕಲಿಸುವ ಒಬ್ಬರು ಬೇಕು, ಓದಿರಲೇಬೇಕು ಎಂದಿಲ್ಲ, ಕೈಯಲ್ಲಿ ಕೆಲಸ ಇದ್ದವರಾದರೆ ಇನ್ನೂ ಒಳ್ಳೆಯದು, ನಿಮಗೆ ಯಾರಾದರೂ ಗೊತ್ತೇ ಎಂದು ಕೇಳಿದ್ದರು. ಮಿಸ್ತ್ರಿಯ ಆ ಸ್ಥಿತಿ ನೋಡಿ ಮನಸ್ಸು ಕರಗಿ, ನಾನು ಅದನ್ನು ಅವರಿಗೆ ಹೇಳಿದೆ.

ಅವರು ಕೈಯಲ್ಲಿದ್ದ ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ, "ನನ್ನಂಥವಗ ಸಾಲಿ ಒಳಗ ಬಿಡ್ತಾರೇನ್ರಿ ಸರ?" ಎಂದರು.

"ನಾ ಹೇಳ್ತೀನಲ್ಲ. ಡಿಸೆಂಬರ್‌ನಾಗ ಮೇಡಂ ರಾಯಚೂರಿಗೆ ಬರ್ತಾರ, ಗಾಡಿ ನೋಡಾಕ ಅವರೇ ಜಡ್ಜ್. ನೀವು ಬರ್ರಿ. ಇದನ್ನ ಮಾಡಿದವ್ರು ಇವ್ರ ಅಂತ ಅಲ್ಲೇ ಭೆಟ್ಟಿ ಮಾಡಸ್ತೀನಿ."

"ಮರೀಬ್ಯಾಡ್ರಿ ಮತ್ತ."

"ಛೇ, ಮರೀತೀನೇನು?" ಎಂದೆ. ಹೇಳುವಾಗ ನಾನು ಹೇಳಿದ್ದು ಖರೆ. ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ.

ನವೆಂಬರಿನಲ್ಲಿ ದೇವದುರ್ಗದ ಸುತ್ತ ಹತ್ತಿ ಒಡೆಯಿತು. ಅರ್ಧ ತರಗತಿ ಹೊಲದಲ್ಲಿ. ಟ್ರಾಕ್ಟರು ತೋರಿಸಿ ವಿವರಿಸಲು ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರನ್ನು ಆರಿಸಿದ್ದೆ. ಅವರಲ್ಲಿ ಉದ್ದ ಜಡೆಯವಳ ತಾಯಿ ಒಂದು ದಿನ ತಲೆಗೆ ಕಟ್ಟಿದ ಬಟ್ಟೆಯ ಸಮೇತ ಶಾಲೆಗೆ ಬಂದಳು. "ಯಪ್ಪಾ, ನಿಮ್ಮ ಆಟಿಗಿ ಗಾಡಿ ಸಲುವಾಗಿ ಈಕಿ ಹತ್ತಿ ಬಿಡಸಾಕ ಬರವಲ್ಲಳು. ಮನ್ಯಾಗ ದಿನಾ ಜಗಳ" ಎಂದಳು. ನಾನು ಆ ತಾಯಿಗೆ ವಿದ್ಯೆ, ಭವಿಷ್ಯ, ಹೆಣ್ಣುಮಕ್ಕಳ ಏಳಿಗೆ ಎಂದು ಅರ್ಧ ಗಂಟೆ ಭಾಷಣ ಮಾಡಿ ಕಳಿಸಿದೆ. ಹುಡುಗಿ ಕಂಬದ ಹಿಂದೆ ನಿಂತು ಕೇಳುತ್ತಿದ್ದಳು. ಅವತ್ತಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಎಕ್ಸಿಬಿಷನ್ನಿಗೆ ಒಂದು ವಾರ ಇರುವಾಗ ಮಿಸ್ತ್ರಿ ಗಾಡಿಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. "ಒಂದು ಸಣ್ಣ ಕೆಲಸ ಬಾಕಿ ಅದರಿ. ಹಿಂಗಿದ್ರ ಇದು ಗದ್ದಿಗೆ ಬರಂಗಿಲ್ಲ, ಕೆಸರಾಗ ಕುಂದರ್ತದ" ಎಂದರು. ಆಟಿಗೆ ಗಾಡಿಗೆ ಯಾವ ಗದ್ದೆ ಬಿಡ್ರಿ ಎಂದು ನಕ್ಕು ಬಂದೆ. ಮುಂದಿನ ಭಾನುವಾರ ತರಲು ಹೋದಾಗ ಬಸ್ಸು ಹೊರಡಲು ನಿಂತಿತ್ತು. ಗಾಡಿಯ ಹಿಂಭಾಗದಲ್ಲಿ ಹೊಸದಾಗಿ ಒಂದು ಕೆಂಪು ಕಡ್ಡಿ ಕಂಡಿತು. ಅಂದಕ್ಕೆ ಹಾಕಿದ್ದಾರೆ ಎಂದುಕೊಂಡೆ. "ಸರ, ಈ ಕಡ್ಡಿ ಐತಲ್ರಿ, ಇದನ್ನ..." ಎಂದು ಅವರು ಶುರು ಮಾಡಿದರು. "ನಾಳಿಗಿ ರಾಯಚೂರಾಗ ಹೇಳ್ರಿ, ಬಸ್ ಹೊಂಟದ" ಎಂದು ಓಡಿದೆ.

ಮರುದಿನ ರಾಯಚೂರಿನಲ್ಲಿ ಚಳಿ ಇತ್ತು, ನಮ್ಮ ಊರಿಗೆ ಅಪರೂಪಕ್ಕೆ ಬರುವಂಥ ಚಳಿ. ದೊಡ್ಡ ಹಾಲಿನಲ್ಲಿ ಸಾಲು ಸಾಲು ಮೇಜು. ನಮ್ಮ ಟ್ರಾಕ್ಟರನ್ನು ಹಿಂದಿನ ಗಾಲಿ ನೆಲಕ್ಕೆ ತಾಗದ ಹಾಗೆ ಸಣ್ಣ ಕಟ್ಟೆಯ ಮೇಲೆ ಏರಿಸಿಟ್ಟಿದ್ದೆವು. ಒಂದು ಗಾಲಿ ಹಿಡಿದರೆ ಇನ್ನೊಂದು ಜೋರಾಗಿ ತಿರುಗಬೇಕು, ಅದೇ ನಮ್ಮ ಪ್ರಯೋಗದ ಪ್ರಾಣ. ಮೇಜಿನ ಪಕ್ಕದಲ್ಲಿ ಹೆಡ್‌ಮಾಸ್ತರರು. ಅವರ ಪಕ್ಕದಲ್ಲಿ ನನಗೆ ಕಾಲೇಜಿನಲ್ಲಿ ಪಾಠ ಹೇಳಿದ ಲೆಕ್ಚರರು, ಯಾರದೋ ಜೊತೆ ಬಂದವರು ನನ್ನನ್ನು ನೋಡಿ ನಿಂತಿದ್ದರು. "ಪೂರಾ ತಾನ ಮಾಡ್ಯಾನ್ರಿ ನಿಮ್ಮ ಶಿಷ್ಯ" ಎಂದು ಹೆಡ್‌ಮಾಸ್ತರರು ಅವರಿಗೆ ಹೇಳುತ್ತಿದ್ದರು. ಪೋಷಕರ ಗುಂಪಿನ ಹಿಂದೆ ತಿಪ್ಪಣ್ಣ ಮಿಸ್ತ್ರಿ ನಿಂತಿದ್ದು ಕಂಡಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಅಂಗಿಯ ಒಳಗೆ ಸೊಂಟದ ಪಟ್ಟಿ ಉಬ್ಬಿ ಕಾಣುತ್ತಿತ್ತು. ಅವರು ನನಗೆ ಕೈ ಮುಗಿದರು. ಜಡ್ಜ್ ನೋಡಿ ಮುಗಿಸಲಿ, ಆಮೇಲೆ ಕರೆಯುತ್ತೇನೆ ಎಂದುಕೊಂಡು ನಾನು ಗೋಣು ಹಾಕಿದೆ.

ಮೇಡಂ ಬಂದರು. ಉದ್ದ ಜಡೆಯ ಹುಡುಗಿ ಒಂದು ಪದ ತೊದಲದೆ ವಿವರಿಸಿ ಸ್ವಿಚ್ ಒತ್ತಿದಳು. ಗಾಲಿಗಳು ತಿರುಗಿದವು. ಮೇಡಂ ಬಗ್ಗಿ ಒಂದು ಗಾಲಿಯನ್ನು ಬೆರಳಿನಿಂದ ಹಿಡಿದರು. ಇನ್ನೊಂದು ಗಾಲಿಯೂ ನಿಂತಿತು. ಮೋಟಾರು ಗುಂಯ್ ಎಂದು ನರಳಿತು.

"ಇದೇಕೆ ನಿಂತಿತು?" ಎಂದರು ಮೇಡಂ.

ನನಗೆ ಗೊತ್ತಿರಲಿಲ್ಲ. ಲೆಕ್ಚರರು ಕನ್ನಡಕ ಏರಿಸಿಕೊಂಡು ಮುಂದೆ ಬಂದರು. ಆಗ ನನ್ನ ಬಾಯಿಂದ ಬಂದದ್ದು ಇದು:

"ಹುಡುಗೀರು ಏನೋ ಕೈಯಾಡಿಸಿಬಿಟ್ಟಿದ್ದಾರೆ ಮೇಡಂ. ಎಷ್ಟು ಹೇಳಿದರೂ ಕೇಳೋದಿಲ್ಲ."

"ನಾವು ಮುಟ್ಟಿಲ್ರಿ ಸರ" ಎಂದಳು ಹುಡುಗಿ, ಮೆಲ್ಲಗೆ.

"ಸುಮ್ನಿರು ನೀನು" ಎಂದೆ.

ಹಿಂದಿನಿಂದ ಮಿಸ್ತ್ರಿಯ ದನಿ ಬಂತು. "ಮೇಡಂ, ಆ ಕೆಂಪು ಕಡ್ಡಿ ಹಿಂದಕ ಸರಸ್ರಿ. ಲಾಕ್ ಬಿದ್ದದ ಅದು."

ಮೇಡಂ ಕಡ್ಡಿ ಸರಿಸಿದರು. ಟಕ್ ಎಂದಿತು. ಗಾಲಿ ಹಿಡಿದರು, ಇನ್ನೊಂದು ಭರ್ರನೆ ತಿರುಗಿತು. ಅವರು ಕಡ್ಡಿಯನ್ನು ಹಿಂದೆ ಮುಂದೆ ಮಾಡಿ ಮಾಡಿ ನೋಡಿದರು. ಗದ್ದೆಯ ಕೆಸರಿನಲ್ಲಿ ಒಂದು ಗಾಲಿ ಜಾರಿ ಸುಮ್ಮನೆ ತಿರುಗುತ್ತ ಕೂತರೆ ಟ್ರಾಕ್ಟರು ಏಳುವುದಿಲ್ಲ. ಆಗ ಎರಡೂ ಗಾಲಿ ಒಂದಾಗಿ ಎಳೆಯುವಂತೆ ಬಿಗಿಯುವುದಕ್ಕೇ ಆ ಲಾಕು. ಅವರ ಮುಖದಲ್ಲಿ ನಗು ಮೂಡಿತು. "ಇದು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಯಾರು ಹಾಕಿದ್ದು ಇದನ್ನು?" ಎಂದರು.

ಮಿಸ್ತ್ರಿ ನನ್ನ ಕಡೆ ನೋಡಿದರು. ತಾವೇ ಹಾಕಿದ್ದು ಎಂದು ಅವರು ಅನ್ನಬಹುದಿತ್ತು, ಅನ್ನಲಿಲ್ಲ. ನಾನು ಹೇಳುತ್ತೇನೆ ಎಂದು ಕಾಯುತ್ತ ನಿಂತರು. ಹೆಡ್‌ಮಾಸ್ತರರು ನನ್ನನ್ನು ನೋಡುತ್ತಿದ್ದರು, ಲೆಕ್ಚರರು ನೋಡುತ್ತಿದ್ದರು.

"ನಾನೇ ಮೇಡಂ" ಎಂದೆ. "ಹಾಕಿ ಮರೆತುಬಿಟ್ಟಿದ್ದೆ. ಇವರು ನಮ್ಮ ಮಾವನ ಟ್ರಾಕ್ಟರ್ ರಿಪೇರಿ ಮಾಡೋರು. ಸುಮ್ಮನೆ ನೋಡೋಕೆ ಬಂದಿದ್ದಾರೆ."

ಮೇಡಂ ಮಿಸ್ತ್ರಿಯ ಕಡೆ ತಿರುಗಿದರು. ಮಿಸ್ತ್ರಿ ಒಂದು ಗಳಿಗೆ ಮೇಜಿನ ಕಡೆ ನೋಡಿ, "ಹೌದ್ರಿ ಮೇಡಂ. ಸರ ಹಾಕ್ಯಾರ. ಹುಡುಗೀರು ಏನೂ ಮಾಡಿಲ್ರಿ" ಎಂದರು.

ಮೊದಲ ಬಹುಮಾನ ಬಂತು. ಫೋಟೋ ತೆಗೆದರು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಶಾಲೆಗಳಿಗೆ ಹೋಗಿ ಕಲಿಸುವವರು ಯಾರಾದರೂ ಸಿಕ್ಕರೇ ಎಂದು ಕೇಳಿದರು, ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಹಾಗಿದ್ದರೆ ನಿಮ್ಮನ್ನೇ ಡೆಪ್ಯುಟೇಶನ್ ಮೇಲೆ ಕಳಿಸಲು ಕೇಳಲೇ ಎಂದರು. ರಾಯಚೂರಿನಲ್ಲೇ ಇರುವ ಕೆಲಸ. ಆಗಲಿ ಎಂದೆ. ಗೇಟಿನ ಹತ್ತಿರ ಮಿಸ್ತ್ರಿ ನಿಂತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ. "ಚೊಲೋ ಆತ್ರಿ ಸರ. ಬಸ್ಸಿಗೆ ಹೊತ್ತಾತು" ಎಂದು ಸೊಂಟ ಹಿಡಿದುಕೊಂಡು ಹೊರಟು ಹೋದರು.

ಅವರು ಮಾಡಬೇಕಾಗಿದ್ದ ಕೆಲಸವನ್ನು ನಾನು ಇಂದಿಗೂ ಮಾಡುತ್ತಿದ್ದೇನೆ. ಊರೂರು ತಿರುಗಿ ಮಕ್ಕಳಿಗೆ ಇಟ್ಟಂಗಿ ಗಾಡಿ ಕಲಿಸುತ್ತೇನೆ. ನೀರಮಾನ್ವಿಯಲ್ಲಿ, ಚೀಕಲಪರ್ವಿಯಲ್ಲಿ ಆ ಕೆಂಪು ಕಡ್ಡಿಯ ಲಾಕನ್ನೂ ಕಲಿಸಿದ್ದೇನೆ. ಇಷ್ಟು ವರ್ಷ ಒಂದೇ ಮಾತನ್ನು ಹಿಡಿದುಕೊಂಡು ನಿದ್ದೆ ಮಾಡಿದೆ: ಮಿಸ್ತ್ರಿಯೇ ಒಪ್ಪಿದರಲ್ಲ, ನನ್ನ ಮೇಲಿನ ಗೌರವಕ್ಕೆ, ನನ್ನ ಮಾನ ಉಳಿಸಲು ತಾವಾಗಿ ಅಂದರಲ್ಲ. ಅಂದರೆ ಅವರಿಗೆ ಅಂಥ ಬೇಸರವೇನೂ ಇಲ್ಲ. ಬೇಸರ ಇಲ್ಲ ಎಂದ ಮೇಲೆ ಸುತ್ತು ದಾರಿ ಯಾಕೆ ಎಂದು ಮಾತ್ರ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಹೋದ ತಿಂಗಳು ಆಟೋದಲ್ಲಿ ಆ ವಾಸನೆ ಬಡಿದಾಗ ಇಳಿದುಬಿಟ್ಟೆ. ಮಿಸ್ತ್ರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಓಹೋ ಸರ, ಬರ್ರಿ ಬರ್ರಿ" ಎಂದು ಏಳಲು ನೋಡಿದರು. ಅಳಿಯ ಇದ್ದ, ಟ್ರಾಕ್ಟರು ತಂದ ನಾಲ್ಕೈದು ಮಂದಿ ಇದ್ದರು. ಇವತ್ತು ಹೇಳದಿದ್ದರೆ ಇನ್ನು ಸಾಯುವವರೆಗೆ ಹೇಳುವುದಿಲ್ಲ ಅನ್ನಿಸಿತು. ಕೂರದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಮಿಸ್ತ್ರಿ, ಆ ಗಾಡಿ ಮಾಡಿದ್ದು ನೀವು. ಲಾಕ್ ಹಾಕಿದ್ದು ನೀವು. ನಾ ಸುಳ್ಳು ಹೇಳಿ ನಿಮ್ಮ ಕೆಲಸ ತಗೊಂಡೆ. ತಪ್ಪಾತು."

ಅಳಿಯ ನಕ್ಕ. "ನೋಡ್ರಿ, ಓದಿದವ್ರು ಅಂದ್ರ ಹಿಂಗಿರಬೇಕು. ತಾವು ಮಾಡಿದ್ದನ್ನೂ ಇನ್ನೊಬ್ರು ಮಾಡ್ಯಾರ ಅಂತಾರ" ಎಂದ. ಉಳಿದವರು ಹೌದು ಹೌದು ಎಂದು ತಲೆ ಆಡಿಸಿದರು. ಒಬ್ಬ ಎದ್ದು ನನಗೆ ಸ್ಟೂಲು ಬಿಟ್ಟುಕೊಟ್ಟ. ಇನ್ನೊಬ್ಬ ಚಹಾಕ್ಕೆ ಕೂಗಿದ. ಇಷ್ಟು ವರ್ಷ ಮಿಸ್ತ್ರಿ ತಮ್ಮ ಮನೆಯಲ್ಲೂ, ತಲಿ ಸರದು, ನಾ ಬರೇ ಅವರು ಹೇಳಿದಂಗ ಕೈಯಾಡ್ಸಿದೆ ಎಂದೇ ಹೇಳಿಕೊಂಡು ಬಂದಿದ್ದರು. ನಾನು ಆ ಚಹಾ ಕುಡಿದೆ. ಏನು ಮಾಡಲಿ, ಕುಡಿದೆ.

ಹೊರಡುವಾಗ ಮಿಸ್ತ್ರಿ ನನ್ನ ಭುಜ ಹಿಡಿದು ರಸ್ತೆಯವರೆಗೆ ಬಂದರು. ಅಲ್ಲಿ ಯಾರೂ ಇರಲಿಲ್ಲ.

"ಸರ, ಅವತ್ತ ಹೇಳಬೇಕಿತ್ರಿ" ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ಇವತ್ತ ಹೇಳಿದ್ರ ನಿಮಗ ಹಗುರ ಆಗ್ತದ. ನನಗೇನು ಆಗ್ತದ?"

ನಾನು ತಲೆ ತಗ್ಗಿಸಿ, "ನೀವು ಅವತ್ತು ನನ್ನ ಮಾನ ಉಳಿಸಿದ್ರಿ" ಎಂದೆ.

"ನಿಮ್ಮ ಸಲುವಾಗಿ ಅಲ್ರಿ" ಎಂದರು ಅವರು, ಅದರಲ್ಲೇನು ಎಂಬಂತೆ. "ನೀವು ತಪ್ಪು ಆ ಹುಡುಗಿ ಮ್ಯಾಲ ಹಾಕಿದ್ರಿ. ಆಕಿ ಮಾರಿ ನೋಡಿದೆ ನಾನು. ಯಾರು ಹಾಕಿದ್ದು ಅಂತ ಅಲ್ಲಿ ಜಗಳಕ್ಕ ನಿಂತಿದ್ರ, ಮಾಸ್ತರ್ ಮರ್ತದ್ದಲ್ಲ, ಸುಳ್ಳು ಹೇಳ್ತಾರ ಅಂತ ಆಕಿಗಿ ತಿಳೀತಿತ್ತು. ನಾ ಅಂತೂ ಸಾಲಿ ಕಂಡಿಲ್ಲ. ಆಕಿ ಕಲಿಯೂ ಹುಡುಗಿ. ಆಕಿ ಸಲುವಾಗಿ ಅಂದೆ."

ಶೆಡ್ಡಿನಿಂದ ಒಂದು ಟ್ರಾಕ್ಟರು ಹೊರಟಿತು, ನಾವು ಪಕ್ಕಕ್ಕೆ ಸರಿದು ನಿಂತೆವು. ಧೂಳು ಇಳಿದ ಮೇಲೆ ಮಿಸ್ತ್ರಿ ಕೇಳಿದರು.

"ಆ ಹುಡುಗಿ ಈಗ ಏನು ಮಾಡಾಕತ್ತಾಳ್ರಿ? ಹೆಸರೇನಿತ್ತು ಆಕಿದು?"

ಆ ಟ್ರಾಕ್ಟರಿನ ಯಾವ ಪಿನ್ನು ಎಲ್ಲಿ ಕೂರುತ್ತದೆ ಎಂದು ನಾನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಹುಡುಗಿಯ ಜಡೆ ನೆನಪಿತ್ತು, ತಾಯಿಯ ತಲೆಯ ಬಟ್ಟೆ ನೆನಪಿತ್ತು. ಹೆಸರಿಗಾಗಿ ಎಷ್ಟು ತಡಕಾಡಿದರೂ ಸಿಗಲಿಲ್ಲ.

ಮಿಸ್ತ್ರಿ ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ" ಎಂದು ನನ್ನ ಭುಜದಿಂದ ಕೈ ತೆಗೆದು ಒಳಗೆ ಹೋದರು.